ಸುಂಕದಕಟ್ಟೆಯಿಂದ ಸಾವನದುರ್ಗಕ್ಕೆ

ಬೆಂಗಳೂರಿನಿಂದ ಮಾಗಡಿಯ ಹಾದಿ ಹಿಡಿದವರು ನಗರ ದಾಟುವ ಮುನ್ನ ಸುಂಕದಕಟ್ಟೆ ಎಂಬ ನಿಲ್ದಾಣವನ್ನು ಹಾದುಹೋಗಬೇಕು. ಕಂಡಕ್ಟರು ಆ ಹೆಸರನ್ನು ಕೂಗುತ್ತಾನೆ, ಇಳಿಯುವವರು ಇಳಿಯುತ್ತಾರೆ, ಹತ್ತುವವರು ಹತ್ತುತ್ತಾರೆ. ಯಾರೂ ಸುಂಕ ಕೇಳುವುದಿಲ್ಲ, ಯಾರೂ ಕೊಡುವುದಿಲ್ಲ. ಆದರೂ ಹೆಸರು ಉಳಿದಿದೆ. ಪೇಟೆಗೆ ಸರಕು ಹೇರಿಕೊಂಡು ಬರುವ ಎತ್ತು ಕತ್ತೆಗಳನ್ನು ತಡೆದು ನಿಲ್ಲಿಸಿ, ಗೋಣಿ ಬಿಚ್ಚಿಸಿ, ಎಣಿಸಿ, ಹಣ ಪಡೆದು ಮುಂದಕ್ಕೆ ಬಿಡುತ್ತಿದ್ದ ಕಟ್ಟೆಗಳು ಒಂದು ಕಾಲಕ್ಕೆ ಈ ನಾಡಿನ ಹಾದಿ ಹಾದಿಯಲ್ಲೂ ಇದ್ದುವು. ಊರ ಹೆಸರುಗಳು ಮನುಷ್ಯರಿಗಿಂತ ಹೆಚ್ಚು ಕಾಲ ನೆನಪಿಟ್ಟುಕೊಳ್ಳುತ್ತವೆ.

ಕಳೆದ ಬೇಸಿಗೆಯ ಒಂದು ಬೆಳಿಗ್ಗೆ ನಾನು ಆ ಹಾದಿಯಲ್ಲಿ ಸಾವನದುರ್ಗದ ಕಡೆಗೆ ಹೊರಟಿದ್ದೆ. ಹೋಗುತ್ತಿದ್ದುದು ಬೆಟ್ಟ ನೋಡುವುದಕ್ಕೂ ಅಲ್ಲ, ತಪ್ಪಲಿನ ವೀರಭದ್ರಸ್ವಾಮಿ, ನರಸಿಂಹಸ್ವಾಮಿಯರ ದರ್ಶನಕ್ಕೂ ಅಲ್ಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕರೆದಿದ್ದ. ಕನ್ನಡ ಐಚ್ಛಿಕ ಓದಿದವನು, ಊರಿಗೆ ಮರಳಿ ತೋಟ ಮಾಡಿಕೊಂಡಿದ್ದಾನೆ. ಅವನೂ ಸುತ್ತಲಿನ ಹಳ್ಳಿಗಳ ಮಾವು, ಹುಣಸೆ, ರಾಗಿ ಬೆಳೆಯುವವರು ಕೆಲವರೂ ಸೇರಿ ಒಂದು ರೈತ ಉತ್ಪಾದಕರ ಕಂಪನಿ ಕಟ್ಟಿದ್ದರು. ಕಂಪನಿಗೆ ಪ್ರಮಾಣಪತ್ರ ಬಂದಿತ್ತು. ಆದರೆ ತೆರಿಗೆ ಇಲಾಖೆಯ ಪುಸ್ತಕದಲ್ಲಿ ಇನ್ನೂ ಎಲ್ಲೆಲ್ಲಿ ಹೆಸರು ಬರೆಸಬೇಕು ಎಂಬ ವಿಷಯದಲ್ಲಿ ಸದಸ್ಯರಲ್ಲಿ ಎರಡು ಪಂಗಡವಾಗಿತ್ತು. "ಮೇಷ್ಟ್ರೆ, ಲೆಕ್ಕದವರು ಕಾನೂನು ಹೇಳಿದಾರೆ. ಆದ್ರೆ ಹಿರೀಕರು ಒಪ್ತಾ ಇಲ್ಲ. ಅವರ ಭಯ ಕಾನೂನಿನದಲ್ಲ, ಬೇರೆ ಏನೋ. ನೀವು ಶಾಸನ ಓದ್ಸಿದವರು, ಒಂದು ಸಲ ಬಂದು ಮಾತಾಡಿ" ಎಂದಿದ್ದ. ಹೊಸಗನ್ನಡದ ಕಾವ್ಯವನ್ನೂ ಹಳಗನ್ನಡದ ವ್ಯಾಕರಣವನ್ನೂ ಬೋಧಿಸಿ ನಿವೃತ್ತನಾದ ನನಗೂ ತೆರಿಗೆಗೂ ಏನು ಸಂಬಂಧ? ಆದರೂ ಅವನ ಆ ಕಡೆಯ ಮಾತು ನನ್ನನ್ನು ಬಸ್ಸು ಹತ್ತಿಸಿತು.

ಮೊದಲು ಅವರ ಕೈಯಲ್ಲಿದ್ದ ಕಾಗದವನ್ನು ನೋಡಿದೆ. ಕಂಪನಿಗಳ ರಿಜಿಸ್ಟ್ರಾರರು ಕೊಟ್ಟ ಪ್ರಮಾಣಪತ್ರ ಅದು. ಅದರಲ್ಲಿ ಇಪ್ಪತ್ತೊಂದು ಅಕ್ಷರಾಂಕಗಳ ಒಂದು ಗುರುತುಸಂಖ್ಯೆ ಇದೆ. ಅದು ಕಂಪನಿಯ ಜನ್ಮಸಂಖ್ಯೆ. ಅದರ ಕೆಳಗೆ ಹತ್ತು ಹತ್ತು ಅಕ್ಷರಾಂಕಗಳ ಇನ್ನೆರಡು ಸಂಖ್ಯೆಗಳಿವೆ. ಒಂದು ಪ್ಯಾನ್, ಎಂದರೆ ಆದಾಯ ತೆರಿಗೆಯ ಕಾಯಂ ಖಾತೆಸಂಖ್ಯೆ. ಅದರ ನಾಲ್ಕನೆಯ ಅಕ್ಷರ 'ಸಿ' ಎಂದಿದ್ದರೆ ಖಾತೆದಾರನು ಮನುಷ್ಯನಲ್ಲ, ಕಂಪನಿ ಎಂದು ಅರ್ಥ. ಇನ್ನೊಂದು ಟ್ಯಾನ್. ಕಂಪನಿ ಯಾರಿಗಾದರೂ ಸಂಬಳವನ್ನೋ ಬಾಡಿಗೆಯನ್ನೋ ಕೊಡುವಾಗ ಕಾನೂನಿನಂತೆ ತೆರಿಗೆಯ ಭಾಗವನ್ನು ಹಿಡಿದು ಸರ್ಕಾರಕ್ಕೆ ಕಟ್ಟಬೇಕಾದರೆ, ಹಾಗೆ ಹಿಡಿಯುವವನ ಗುರುತು ಅದು. ಹಿಂದೆ ಇವುಗಳಿಗೆ ಬೇರೆ ಬೇರೆ ಅರ್ಜಿ ಹಾಕಿ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗಿತ್ತು. ಈಗ ಕಂಪನಿ ಹುಟ್ಟುವ ಅರ್ಜಿಯಲ್ಲಿಯೇ ಇವೆಲ್ಲ ಅಡಕವಾಗಿವೆ. ಕರ್ನಾಟಕದಲ್ಲಿ ವೃತ್ತಿ ತೆರಿಗೆಯ ನೋಂದಣಿಯೂ ಅದರೊಡನೆಯೇ ಸೇರಿದೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರೆಂದು ಹಿಂದೆ ನಗುತ್ತಿದ್ದೆವು. ಈಗ ಕೂಸು ಹುಟ್ಟಿದ ಗಳಿಗೆಯಲ್ಲೇ ಕುಲಾವಿಯೂ ಕೈಗೆ ಬರುತ್ತದೆ.

ಉಳಿದದ್ದು ಒಂದು, ಸರಕು ಮತ್ತು ಸೇವಾ ತೆರಿಗೆಯ ನೋಂದಣಿ. ಅದನ್ನು ಅದೇ ಅರ್ಜಿಯಲ್ಲಿ ಕೇಳಬಹುದು, ಕೇಳದೆಯೂ ಇರಬಹುದು. ಇವರು ಕೇಳಿರಲಿಲ್ಲ. ಜಗಳವಿದ್ದುದು ಅಲ್ಲಿ.

ತೋಟದ ಮನೆಯ ಜಗುಲಿಯಲ್ಲಿ ಹತ್ತು ಹದಿನೈದು ಜನ ಕೂತಿದ್ದರು. ಎದುರಿಗೆ ಸಾವನದುರ್ಗದ ಬೋಳುಬಂಡೆ ಬಿಸಿಲಿಗೆ ಹೊಳೆಯುತ್ತಿತ್ತು. ಒಬ್ಬ ಹಿರಿಯರು ನನ್ನನ್ನು ನೋಡಿ ನಕ್ಕು, "ಸ್ವಾಮಿ, ಸುಂಕದವನ ಮುಂದೆ ಸುಖದುಃಖ ಹೇಳ್ಕೊಂಡ್ರೆ ಏನು ಫಲ? ಹೆಸರು ಬರೆಸೋದು ಸುಲಭ, ಅಳಿಸೋದು ಕಷ್ಟ" ಎಂದರು. ಉಳಿದವರು ತಲೆದೂಗಿದರು. ನನಗೆ ಆಗ ಅರ್ಥವಾಯಿತು. ಇವರು ಹೆದರುತ್ತಿರುವುದು ಈ ಕಾಲದ ಕಾಯ್ದೆಗಲ್ಲ. ಗಾದೆಯೊಳಗೆ ಹುದುಗಿರುವ ನೂರಾರು ವರ್ಷಗಳ ನೆನಪಿಗೆ ಹೆದರುತ್ತಿದ್ದಾರೆ. ಆ ನೆನಪು ಸುಳ್ಳಲ್ಲ. ಆದರೆ ಪೂರ್ತಿಯೂ ಅಲ್ಲ. ಅಂದು ಅವರಿಗೆ ಹೇಳಿದುದನ್ನೇ ಇಂದು ನಿಮಗೂ ಹೇಳಬೇಕೆಂದಿದ್ದೇನೆ.

ನಮ್ಮ ತಾತ ಶ್ಯಾನುಭೋಗಿಕೆ ಮಾಡಿದವರು. ವಂಶಪಾರಂಪರ್ಯದ ಗ್ರಾಮಾಧಿಕಾರಗಳು 1963ರಲ್ಲಿ ರದ್ದಾದಾಗ ನಾನು ಇನ್ನೂ ಹುಡುಗ. ಮನೆಯ ಅಟ್ಟದ ಮೇಲೆ ಒಂದು ಕಡತವಿತ್ತು. ಇಂದು ಕಚೇರಿಯ ಫೈಲಿಗೆ ಕಡತವೆನ್ನುತ್ತೇವೆ. ನಿಜವಾದ ಕಡತವನ್ನು ಕಂಡವರು ಈಗ ವಿರಳ. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಕರಿಯ ಪುಸ್ತಕ ಅದು. ಬೇಕಾದಾಗ ಅಳಿಸಿ ಮತ್ತೆ ಬರೆಯಬಹುದು. ಅದರಲ್ಲಿ ಊರಿನ ಪ್ರತಿಯೊಬ್ಬನ ಹೆಸರಿತ್ತು. ಹೆಸರಿನ ಮುಂದೆ ಅವನು ಕೊಡಬೇಕಾದ ಬಾಕಿಯಿತ್ತು. ಅವನಿಗೆ ಸಲ್ಲಬೇಕಾದದ್ದು ಏನು ಎಂಬುದು ಒಂದು ಮಡಿಕೆಯಲ್ಲಿಯೂ ಇರಲಿಲ್ಲ. ಒಂದೇ ಕಡೆಯವರು ಬರೆದುಕೊಳ್ಳುವ, ಅಳಿಸಬಲ್ಲ ಪುಸ್ತಕ ಅದು. ನಮ್ಮ ರೈತನ ಭಯ ಹುಟ್ಟಿದ್ದು ಆ ಕರಿಯ ಪುಸ್ತಕದಿಂದ.

ಆದರೆ ಈ ನಾಡಿನಲ್ಲಿ ಇನ್ನೊಂದು ಬಗೆಯ ಪುಸ್ತಕವೂ ಇತ್ತು. ಅದು ಕಲ್ಲಿನ ಪುಸ್ತಕ.

ಕಂಪನಿ ಎಂಬ ಮಾತು ಪಶ್ಚಿಮದ್ದು. ಒಟ್ಟಿಗೆ ರೊಟ್ಟಿ ಹಂಚಿಕೊಂಡು ಉಣ್ಣುವವರು ಎಂಬ ಅರ್ಥದ ಲ್ಯಾಟಿನ್ ಮೂಲದಿಂದ ಬಂದದ್ದು. ಮಾತು ಹೊರಗಿನದಾದರೂ ವಸ್ತು ನಮಗೆ ಹೊಸದಲ್ಲ. ಐಹೊಳೆಯ ಐನೂರ್ವರನ್ನು, ಶಾಸನಗಳ ಅಯ್ಯಾವೊಳೆ ಅಯ್ನೂರ್ವರನ್ನು, ಸಾಹಿತ್ಯ ಬಲ್ಲ ನೀವು ಅರಿಯದವರಲ್ಲ. ಮಲಪ್ರಭೆಯ ದಡದ ಐಹೊಳೆಯ ಹೆಸರು ಹೊತ್ತು, ಕನ್ನಡ ನಾಡಿನಲ್ಲಷ್ಟೇ ಅಲ್ಲದೆ ತಮಿಳು, ತೆಲುಗು ನಾಡುಗಳಲ್ಲಿ, ಸಿಂಹಳದಲ್ಲಿ, ಕಡಲಾಚೆಯ ಸುಮಾತ್ರದಲ್ಲಿ ಕೂಡ ಈ ವರ್ತಕಸಂಘ ವ್ಯಾಪಾರ ಮಾಡಿತು. ಅವರು ತಮ್ಮ ಕೂಟವನ್ನು 'ಸಮಯ' ಎನ್ನುತ್ತಿದ್ದರು, ತಮ್ಮ ಕಟ್ಟಳೆಯನ್ನು 'ಬಣಂಜುಧರ್ಮ' ಎನ್ನುತ್ತಿದ್ದರು. ಸಮಯ ಎಂದರೆ ಇಲ್ಲಿ ಹೊತ್ತಲ್ಲ, ಕೂಡಿ ಮಾಡಿಕೊಂಡ ಒಡಂಬಡಿಕೆ. ಸತ್ತವನ ಜೊತೆ ಸಾಯದೆ, ಒಬ್ಬ ಹೋದರೆ ಇನ್ನೊಬ್ಬ ಬಂದು, ಹೆಸರು ಮಾತ್ರ ಉಳಿಯುವ ಸಂಸ್ಥೆ ಎಂಬ ಕಲ್ಪನೆ ಅದರಲ್ಲಿದೆ. ಇಂದಿನ ಕಂಪನಿಯ ಜೀವಾಳವೂ ಅದೇ ಅಲ್ಲವೆ?

ಈ ಸಮಯದವರೂ ಅರಸನ ಸುಂಕದವನಿಗೆ ಎದುರಾದರು. ಆ ಸುಂಕಗಳ ಹೆಸರುಗಳನ್ನೇ ಕೇಳಿ: ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ, ಗಾಣದೆರೆ, ಮಗ್ಗದೆರೆ, ಮನೆದೆರೆ. ಎತ್ತುವ ಅಧಿಕಾರಿಗೆ ಸುಂಕವೆರ್ಗಡೆ ಎಂದು ಹೆಸರು. ಸುಂಕ ಎಂಬುದು ಸಂಸ್ಕೃತದ ಶುಲ್ಕದ ತದ್ಭವ. ತೆರಿಗೆ ಮಾತ್ರ ಅಚ್ಚಕನ್ನಡದ 'ತೆರು' ಎಂಬ ಧಾತುವಿನಿಂದ ಬಂದದ್ದು. ಹನ್ನೆರಡನೆಯ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣ ಎಂಬ ವಚನಕಾರನೇ ಇದ್ದಾನೆ. ಸುಂಕದ ಕಾಯಕದ ಮಾತುಗಳಲ್ಲಿಯೇ ಆತ ದೇವರ ಸಂಗತಿಯನ್ನೂ ಹೇಳಿದ. ಗಾದೆ ನಗುವ ಸುಂಕದವನಲ್ಲಿ ಒಬ್ಬ ಶರಣನೂ ಇದ್ದ ಎಂಬುದನ್ನು ನಾವು ಮರೆಯಬಾರದು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ವರ್ತಕರೂ ಸುಂಕದ ಅಧಿಕಾರಿಗಳೂ ಒಂದು ದೇವಾಲಯಕ್ಕೆ ಇಂತಿಷ್ಟು ಆಯವೆಂದು ಬಿಟ್ಟುಕೊಟ್ಟಾಗ, ಅಡಕೆಯ ಹೇರಿಗೆ ಎಷ್ಟು, ಮೆಣಸಿನ ಹೇರಿಗೆ ಎಷ್ಟು, ವೀಳ್ಯದೆಲೆಗೆ ಎಷ್ಟು ಎಂದು ಕಲ್ಲಿನಲ್ಲಿ ಕೆತ್ತಿ, ಎಲ್ಲರೂ ಓಡಾಡುವೆಡೆಯಲ್ಲಿ ನಿಲ್ಲಿಸಿದರು. ಆ ಕಲ್ಲು ಕೊಡುವವನನ್ನು ಕಟ್ಟಿಹಾಕಿತು, ನಿಜ. ಅಷ್ಟೇ ಮಟ್ಟಿಗೆ ಪಡೆಯುವವನನ್ನೂ ಕಟ್ಟಿಹಾಕಿತು. ಹೇರಿಗೆ ಇಷ್ಟು ಎಂದು ಕೆತ್ತಿದ ಮೇಲೆ ಇನ್ನಷ್ಟು ಕೇಳುವುದು ಸುಲಭವಲ್ಲ. ಮೀರಿದವನಿಗೆ ಶಾಸನದ ಕೊನೆಯಲ್ಲಿ ಶಾಪವೂ ಕಾದಿರುತ್ತದೆ. ನನ್ನ ತಾತನ ಕಡತಕ್ಕೂ ಈ ಕಲ್ಲಿಗೂ ಇರುವ ವ್ಯತ್ಯಾಸ ಇದು. ಕಡತ ಒಬ್ಬನ ಕೈಯ ಬರಹ, ಕಲ್ಲು ಇಬ್ಬರ ನಡುವಿನ ಬರಹ.

ಇನ್ನು ಸಾವನದುರ್ಗಕ್ಕೆ ಬರೋಣ. ಕರಿಗುಡ್ಡ, ಬಿಳಿಗುಡ್ಡ ಎಂಬ ಎರಡು ಶಿಖರಗಳ ಈ ಏಕಶಿಲೆ ಸಮುದ್ರಮಟ್ಟದಿಂದ 1,226 ಮೀಟರು ಎತ್ತರದಲ್ಲಿದೆ. ಹೊಯ್ಸಳ ಮೂರನೆಯ ಬಲ್ಲಾಳನ ಕಾಲದ 1340ರ ಶಾಸನದಲ್ಲಿ 'ಸಾವಂದಿ' ಎಂಬ ಹೆಸರು ಕಾಣುತ್ತದೆ. ಬೆಂಗಳೂರನ್ನು ಕಟ್ಟಿದ ಕೆಂಪೇಗೌಡರ ವಂಶಕ್ಕೆ ಇದು ಬೆನ್ನೆಲುಬಿನಂತಹ ಕೋಟೆ. ಅಪ್ಪಣೆಯಿಲ್ಲದೆ ತಮ್ಮದೇ ನಾಣ್ಯ ಅಚ್ಚುಹಾಕಿಸಿದರೆಂದು ವಿಜಯನಗರದ ಅರಸರು ಕೆಂಪೇಗೌಡರನ್ನು ಆನೆಗೊಂದಿಯಲ್ಲಿ ಸೆರೆಯಿಟ್ಟರೆಂಬ ಕಥೆ ಪರಂಪರೆಯಲ್ಲಿ ಬಂದಿದೆ. ಹಣದ ಮೇಲಿನ ಅಧಿಕಾರ ಯಾರದೆಂಬ ಪ್ರಶ್ನೆ ಅಂದೂ ಸಣ್ಣದಾಗಿರಲಿಲ್ಲ. 1638ರಲ್ಲಿ ಬೆಂಗಳೂರು ಬಿಜಾಪುರದವರ ವಶವಾದ ಮೇಲೆ ಈ ವಂಶದವರು ಮಾಗಡಿಗೆ ಬಂದು ನಿಂತರು. 1728ರಲ್ಲಿ ಮಾಗಡಿಯೂ ಸಾವನದುರ್ಗವೂ ಮೈಸೂರಿನ ದಳವಾಯಿ ದೇವರಾಜನ ಕೈಸೇರಿದುವು. ಆಮೇಲೆ ಹೈದರನ ಕಾಲ, ಟಿಪ್ಪುವಿನ ಕಾಲ.

1791ರ ಡಿಸೆಂಬರ್ 21ರಂದು ಈ ಕೋಟೆ ಬಿದ್ದಿತು. ಹತ್ತಲಸಾಧ್ಯವೆಂದು ಹೆಸರಾದ ಬಂಡೆಯನ್ನು ಲಾರ್ಡ್ ಕಾರ್ನ್‌ವಾಲಿಸನ ಸೈನ್ಯ ಕೆಲವು ದಿನಗಳ ಮುತ್ತಿಗೆಯ ಬಳಿಕ ಏರಿತು. ಆ ಸೈನ್ಯದ ಜೊತೆಗಿದ್ದ ರಾಬರ್ಟ್ ಹೋಮ್ ಎಂಬ ಚಿತ್ರಕಾರ ಬೆಟ್ಟದ ಚಿತ್ರ ಬರೆದು, 1794ರಲ್ಲಿ ಪ್ರಕಟಿಸಿದ ತನ್ನ ಪುಸ್ತಕದಲ್ಲಿ ಇದನ್ನು ಸಾವಿನ ದುರ್ಗವೆಂದು ಅರ್ಥೈಸಿದ. ಇದನ್ನೆಲ್ಲ ನಾವು ಶಾಲೆಯಲ್ಲಿ ಯುದ್ಧದ ಪಾಠವಾಗಿ ಓದಿದ್ದೇವೆ. ಜಗುಲಿಯ ಮೇಲೆ ಕೂತವರಿಗೆ ನಾನು ಕೇಳಿದ್ದು ಒಂದೇ ಪ್ರಶ್ನೆ: ಈ ಬೆಟ್ಟವನ್ನು ಗೆದ್ದ ಸೈನ್ಯ ಯಾರದು? ಒಬ್ಬ ಹುಡುಗ "ಬ್ರಿಟಿಷರದು" ಎಂದ. "ಅಲ್ಲಪ್ಪ, ಒಂದು ಕಂಪನಿಯದು" ಎಂದೆ. ಎಲ್ಲರೂ ತಿರುಗಿ ಬಂಡೆಯನ್ನು ನೋಡಿದರು.

ನೋಡಿ, ಇತಿಹಾಸದ ವಿಚಿತ್ರ ಇಲ್ಲಿದೆ. 1600ರ ಡಿಸೆಂಬರ್ 31ರಂದು ಇಂಗ್ಲೆಂಡಿನ ರಾಣಿ ಎಲಿಜಬೆತ್ ಕೆಲವು ವರ್ತಕರಿಗೆ ಒಂದು ಸನ್ನದು ಕೊಟ್ಟಳು. ಹಾಗೆ ಹುಟ್ಟಿದ್ದು ಈಸ್ಟ್ ಇಂಡಿಯಾ ಕಂಪನಿ. ಮೊದಲ ನೂರೈವತ್ತು ವರ್ಷ ಅದು ಇಲ್ಲಿನ ಅರಸರಿಗೆ ಸುಂಕ ಕೊಡುವ, ಸುಂಕದ ವಿನಾಯಿತಿಗಾಗಿ ಫರ್ಮಾನು ಬೇಡುವ ವ್ಯಾಪಾರಿ. 1765ರ ಆಗಸ್ಟ್‌ನಲ್ಲಿ ಮೊಗಲ್ ಚಕ್ರವರ್ತಿ ಷಾ ಆಲಮನಿಂದ ಬಂಗಾಳ, ಬಿಹಾರ, ಒರಿಸ್ಸಾಗಳ ದಿವಾನಿ ಹಕ್ಕು ಅದರ ಕೈಗೆ ಬಂತು. ದಿವಾನಿ ಎಂದರೆ ಕಂದಾಯ ಎತ್ತುವ ಅಧಿಕಾರ. ತೆರಿಗೆ ಕೊಡಬೇಕಾದ ಕಂಪನಿಯೇ ಅಂದಿನಿಂದ ತೆರಿಗೆ ಎತ್ತುವ ದೊರೆಯಾಯಿತು. ಎತ್ತಿದ ಹಣದಿಂದಲೇ ಸರಕು ಕೊಂಡು ತನ್ನ ದೇಶಕ್ಕೆ ಸಾಗಿಸಿತು. ಐದು ವರ್ಷಗಳೊಳಗೆ, 1769-70ರಲ್ಲಿ, ಬಂಗಾಳವನ್ನು ಘೋರ ಕ್ಷಾಮ ನುಂಗಿದಾಗಲೂ ಕಂದಾಯದ ವಸೂಲಿ ನಿಲ್ಲಲಿಲ್ಲ. ಸಾವನದುರ್ಗ ಗೆದ್ದ ಕಾರ್ನ್‌ವಾಲಿಸನೇ 1793ರಲ್ಲಿ ಬಂಗಾಳದ ಕಾಯಂ ಜಮೀನ್ದಾರಿ ವ್ಯವಸ್ಥೆಗೆ ಮುದ್ರೆಯೊತ್ತಿದ. ಕೊಡುವವನೂ ಪಡೆಯುವವನೂ ಒಬ್ಬನೇ ಆದರೆ ಲೆಕ್ಕ ಕೇಳುವವರು ಯಾರು? ನಡುವೆ ಕಲ್ಲಿಲ್ಲದ ಕಡೆ ಬರಹಕ್ಕೆ ಬೆಲೆಯಿಲ್ಲ.

ಇದೇ ಕಾಲದಲ್ಲಿ ಟಿಪ್ಪು ಸುಲ್ತಾನನೂ ರಾಜ್ಯದ ವತಿಯಿಂದಲೇ ವ್ಯಾಪಾರಸಂಸ್ಥೆ ನಡೆಸಲು ಹೊರಟನೆಂಬುದು ಕುತೂಹಲದ ಸಂಗತಿ. ಅವನ ವಾಣಿಜ್ಯ ನಿಯಮಗಳಲ್ಲಿ ಪ್ರಜೆಗಳು ಹಣ ತೊಡಗಿಸಲು ಅವಕಾಶವಿತ್ತು. ಸಣ್ಣ ಮೊತ್ತ ಇಟ್ಟವನಿಗೆ ದೊಡ್ಡ ಮೊತ್ತದವನಿಗಿಂತ ಹೆಚ್ಚಿನ ಪ್ರಮಾಣದ ಲಾಭವೆಂದು ಗೊತ್ತುಮಾಡಲಾಗಿತ್ತು. ಆ ಪ್ರಯೋಗ ಬೇರೂರುವ ಮುನ್ನವೇ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಮಾರನೆಯ ವರ್ಷ, 1800ರಲ್ಲಿ, ಕಂಪನಿಯ ಅಪ್ಪಣೆಯಂತೆ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯನ್ನು ಸುತ್ತಿದ. ಎಲ್ಲಿ ಏನು ಬೆಳೆಯುತ್ತದೆ, ಏನು ನೇಯುತ್ತಾರೆ, ಏನು ಕಾಯಿಸಿ ಬಡಿಯುತ್ತಾರೆ ಎಂದು ಬರೆದುಕೊಂಡ. ವಾದ್ಯಗಳಿಗಾಗಿ ಚನ್ನಪಟ್ಟಣದಲ್ಲಿ ಎಳೆಯುತ್ತಿದ್ದ ಉಕ್ಕಿನ ತಂತಿಯ ಕೀರ್ತಿ ಭಾರತದ ದೂರದ ಭಾಗಗಳಿಗೂ ಹಬ್ಬಿದ್ದುದು ಅವನ ಬರಹದಿಂದ ತಿಳಿಯುತ್ತದೆ. ವೀಣೆಯ ತಂತಿಯೂ ಲೆಕ್ಕದ ಪುಸ್ತಕಕ್ಕೆ ಸೇರಿತು.

ಮೈಸೂರು ಸಂಸ್ಥಾನ ಒಡೆಯರಿಗೆ ಮರಳಿತಾದರೂ ವರ್ಷಕ್ಕೆ ಏಳು ಲಕ್ಷ ಸ್ಟಾರ್ ಪಗೋಡಗಳನ್ನು ಕಂಪನಿಗೆ ಕೊಡಬೇಕೆಂಬ ಕರಾರು ಬಿದ್ದಿತು. ಆ ಭಾರ ಕೊನೆಗೆ ಇಳಿದದ್ದು ರೈತನ ಬೆನ್ನ ಮೇಲೆ. 1830ರ ವೇಳೆಗೆ ನಗರ ಸೀಮೆಯ ರೈತರು ದಂಗೆಯೆದ್ದರು. 1831ರಲ್ಲಿ ಆಡಳಿತವನ್ನು ಕಂಪನಿಯ ಸರ್ಕಾರವೇ ವಹಿಸಿಕೊಂಡಿತು. ಮುಂದೆ ಕಮಿಷನರನಾದ ಮಾರ್ಕ್ ಕಬ್ಬನ್ನನ ಆಡಳಿತದಲ್ಲಿ 769 ಬಿಡಿ ತೆರಿಗೆಗಳು ರದ್ದಾದುವೆಂದು ಲೂಯಿ ರೈಸ್ ತಮ್ಮ ಗೆಜೆಟಿಯರಿನಲ್ಲಿ ದಾಖಲಿಸಿದ್ದಾರೆ. 769! ಅವುಗಳಲ್ಲಿ ಮದುವೆಗೆ ಒಂದು ತೆರಿಗೆ, ಮಗು ಹುಟ್ಟಿದ್ದಕ್ಕೆ ಒಂದು, ಹೆಸರಿಟ್ಟದ್ದಕ್ಕೆ ಒಂದು, ತಲೆಗೂದಲು ತೆಗೆಸಿದ್ದಕ್ಕೆ ಒಂದು ಇದ್ದುವು. ಹಿಂದೆ ಯಾವನೋ ಪಾಳೆಯಗಾರನ ಕುದುರೆ ತಪ್ಪಿಸಿಕೊಂಡಾಗ ತಮ್ಮ ಪೂರ್ವಿಕರು ಹುಡುಕಿಕೊಡಲಿಲ್ಲವೆಂಬ ಕಾರಣಕ್ಕೆ ಒಂದು ಊರಿನವರು ತೆರಿಗೆ ತೆರುತ್ತಿದ್ದರು. ನಗರ ಸೀಮೆಯ ಒಂದು ಜಾಗದಲ್ಲಿ ಕೈಗಳನ್ನು ಮೈಗಂಟಿಸಿಕೊಳ್ಳದೆ ನಡೆದವನೂ ತೆರಬೇಕಾಗಿತ್ತು. ಕೇಳಿದರೆ ಇಂದು ನಗೆ ಬರುತ್ತದೆ. ಆದರೆ ಪ್ರತಿಯೊಂದಕ್ಕೂ ಒಂದು ಕಡತದಲ್ಲಿ ಒಂದು ಸಾಲಿತ್ತು. ಆ ಸಾಲಿನಲ್ಲಿ ಒಬ್ಬನ ಹೆಸರಿತ್ತು.

ಜಗುಲಿಯ ಹಿರಿಯರು ಆ ಕುದುರೆಯ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಥಟ್ಟನೆ ಗಂಭೀರರಾಗಿ, "ಅದಕ್ಕೇ ಸ್ವಾಮಿ ನಾವು ಹೆದರೋದು" ಎಂದರು. ನಾನು ಒಪ್ಪಿಕೊಂಡೆ. ಹೆದರಿಕೆಗೆ ಕಾರಣವಿದೆ.

ಮುಂದಿನದು ಆ ಕಂಪನಿಗೆ ಮೂಗುದಾರ ಹಾಕಿದ ಕಥೆ. 1813ರ ಸನ್ನದು ಭಾರತದ ವ್ಯಾಪಾರದಲ್ಲಿ ಅದರ ಏಕಸ್ವಾಮ್ಯವನ್ನು ಕಿತ್ತುಕೊಂಡಿತು, 1833ರದು ವ್ಯಾಪಾರವನ್ನೇ ನಿಲ್ಲಿಸಿತು, 1858ರಲ್ಲಿ ಆಳ್ವಿಕೆ ಹೋಯಿತು, 1874ರಲ್ಲಿ ಕಂಪನಿಯೇ ವಿಸರ್ಜನೆಯಾಯಿತು. ಈ ಕಂಪನಿ ಮುದಿಯಾಗುತ್ತಿದ್ದಾಗಲೇ ಹೊಸ ಬಗೆಯ ಕಂಪನಿಗಳಿಗೆ ಬಾಗಿಲು ತೆರೆಯಿತು. ಭಾರತದಲ್ಲಿ ಕೂಡುಬಂಡವಾಳದ ಕಂಪನಿಗಳ ನೋಂದಣಿಗೆ ಮೊದಲ ಕಾಯ್ದೆ ಬಂದದ್ದು 1850ರಲ್ಲಿ. ಪಾಲುದಾರನ ಹೊಣೆ ಅವನು ಹಾಕಿದ ಬಂಡವಾಳಕ್ಕಷ್ಟೇ ಸೀಮಿತ ಎಂಬ ನಿಯಮ 1857ರಲ್ಲಿ ಬಂತು. ರಾಣಿಯ ಸನ್ನದು ಬೇಕಿಲ್ಲ, ಅರಸನ ದಯೆ ಬೇಕಿಲ್ಲ. ನಿಯಮದಂತೆ ಬರೆದುಕೊಟ್ಟ ಯಾರಿಗಾದರೂ ರಿಜಿಸ್ಟ್ರಾರನು ಪ್ರಮಾಣಪತ್ರ ಕೊಡಲೇಬೇಕು. ಇದು ಸಣ್ಣ ಬದಲಾವಣೆಯಲ್ಲ. ದಯೆಯಾಗಿದ್ದದ್ದು ಹಕ್ಕಾಯಿತು.

ಕಂಪನಿ ಕಾನೂನಿನ ಕಣ್ಣಿನಲ್ಲಿ ಒಬ್ಬ 'ವ್ಯಕ್ತಿ'ಯಾಯಿತು. ವ್ಯಕ್ತಿ ಎಂದಮೇಲೆ ತೆರಿಗೆಯೂ ಬೆನ್ನಿಗೆ ಬಂತು. 1857ರ ದಂಗೆ ಬರಿದುಮಾಡಿದ ಬೊಕ್ಕಸ ತುಂಬಲು ಜೇಮ್ಸ್ ವಿಲ್ಸನ್ 1860ರಲ್ಲಿ ಭಾರತಕ್ಕೆ ಆದಾಯ ತೆರಿಗೆ ತಂದ. ನಿಂತು ನಿಂತು ನಡೆದ ಆ ತೆರಿಗೆ 1886ರ ಕಾಯ್ದೆಯಿಂದ ನೆಲೆಗೊಂಡಿತು. ಮೈಸೂರಿನಲ್ಲಿ ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ ಉದ್ಯಮಗಳಿಗೆ ಉತ್ತೇಜನ ದೊರೆತು, 1913ರಲ್ಲಿ ಮೈಸೂರು ಬ್ಯಾಂಕು ಹುಟ್ಟಿತು. 1923ರಲ್ಲಿ ಮೈಸೂರು ಸಂಸ್ಥಾನ ತನ್ನದೇ ಆದಾಯ ತೆರಿಗೆ ಕಾಯ್ದೆ ಮಾಡಿಕೊಂಡಿತು. 1930ರ ದಶಕದಲ್ಲಿ ಚನ್ನಪಟ್ಟಣದಲ್ಲಿ ಸ್ಪನ್ ಸಿಲ್ಕ್ ಗಿರಣಿ ಎದ್ದಿತು. ಆ ಕಾಲದ ಕಂಪನಿ ಲೆಕ್ಕ ಒಪ್ಪಿಸುತ್ತಿದ್ದುದು ಮೈಸೂರಿನ ಅಧಿಕಾರಿಗೆ, ದೆಹಲಿಗಲ್ಲ. ಸಂಸ್ಥಾನದ ಹಣಕಾಸು ಭಾರತದ ಹಣಕಾಸಿನೊಡನೆ ಬೆರೆತ 1950ರ ಏಪ್ರಿಲ್‌ನಿಂದ ಭಾರತದ ಆದಾಯ ತೆರಿಗೆ ಇಲ್ಲಿಗೂ ಅನ್ವಯವಾಯಿತು. 1961ರ ಕಾಯ್ದೆ ಅರವತ್ತು ವರ್ಷಕ್ಕೂ ಮಿಕ್ಕಿ ಬಾಳಿತು. ಅದರ ಸ್ಥಾನಕ್ಕೆ 2025ರಲ್ಲಿ ಹೊಸ ಕಾಯ್ದೆ ಅಂಗೀಕಾರವಾಗಿ, 2026ರ ಏಪ್ರಿಲ್ 1 ಅದರ ಜಾರಿಯ ದಿನವೆಂದು ಗೊತ್ತಾಯಿತು. ಕಾಯಂ ಖಾತೆಸಂಖ್ಯೆ 1972ರಲ್ಲಿ ಬಂತು, 1976ರಲ್ಲಿ ಕಡ್ಡಾಯದ ರೂಪ ಪಡೆಯಿತು, 1995ರಿಂದ ಇಂದಿನ ಹತ್ತು ಅಕ್ಷರಾಂಕಗಳ ಆಕಾರ ತಳೆಯಿತು. ಇತ್ತ ಮಾರಾಟದ ಮೇಲಿನ ತೆರಿಗೆ 1957ರ ರಾಜ್ಯ ಕಾಯ್ದೆಯಿಂದ 2005ರ ಮೌಲ್ಯವರ್ಧಿತ ತೆರಿಗೆಗೆ, ಅಲ್ಲಿಂದ 2017ರ ಜುಲೈ 1ರ ಸರಕು ಮತ್ತು ಸೇವಾ ತೆರಿಗೆಗೆ ದಾಟಿತು. ರಾಜ್ಯ ರಾಜ್ಯಗಳ ಗಡಿಯಲ್ಲಿ ಲಾರಿಗಳನ್ನು ತಡೆಯುತ್ತಿದ್ದ ವಾಣಿಜ್ಯ ತೆರಿಗೆಯ ತನಿಖಾ ಠಾಣೆಗಳು ಅಂದಿನಿಂದ ಮುಚ್ಚಿದುವು. ಸುಂಕದ ಕಟ್ಟೆ ರಸ್ತೆಯಿಂದ ಎದ್ದು ಪುಸ್ತಕದೊಳಕ್ಕೆ ಹೋಗಿ ಕೂತಿತು.

ಆಗ ನನ್ನ ವಿದ್ಯಾರ್ಥಿ ಲೆಕ್ಕದವರು ಹೇಳಿದ್ದನ್ನು ಎಲ್ಲರ ಮುಂದೆ ಬಿಡಿಸಿಟ್ಟ. ತಾಜಾ ಮಾವಿನಹಣ್ಣಿಗೆ ಈ ತೆರಿಗೆಯಿಲ್ಲ. ತನ್ನ ಹೊಲದ ಬೆಳೆಯನ್ನು ತಾನೇ ಮಾರುವ ರೈತ ನೋಂದಾಯಿಸಿಕೊಳ್ಳಬೇಕಾಗಿಯೂ ಇಲ್ಲ. ಆದರೆ ಕಂಪನಿ ಹಣ್ಣಿನ ತಿರುಳು ತೆಗೆದು ಡಬ್ಬಿಗೆ ತುಂಬಿದರೆ ಅದು ತೆರಿಗೆಗೆ ಒಳಪಡುವ ಸರಕು. ಕರ್ನಾಟಕದೊಳಗೇ ಸರಕು ಮಾರುವವನ ವಹಿವಾಟು ವರ್ಷಕ್ಕೆ 40 ಲಕ್ಷ ರೂಪಾಯಿ ಮೀರದಿದ್ದರೆ ನೋಂದಣಿ ಅವನ ಇಚ್ಛೆ. ಅಂಥ ಡಬ್ಬಿಯನ್ನು ಹೊಸೂರಿಗೋ ಚೆನ್ನೈಗೋ ಕಳಿಸಿದರೆ, ಮೊತ್ತ ಎಷ್ಟೇ ಇರಲಿ, ನೋಂದಣಿ ಕಡ್ಡಾಯ. ಇವರ ಆಸೆಯಿದ್ದದ್ದು ಡಬ್ಬಿಯ ಮೇಲೆ, ಕೊಳ್ಳಲು ಸಿದ್ಧರಿದ್ದವರು ಗಡಿಯಾಚೆಯವರು. ಮಂಡಿಯಲ್ಲಿ ದಲ್ಲಾಳಿ ಕೂಗಿದ ಬೆಲೆಗೆ ಹಣ್ಣು ಸುರಿದು ಬರುವುದೋ, ಹೆಸರು ಬರೆಸಿ ತಿರುಳು ಮಾರುವುದೋ ಎಂಬುದೇ ನಿಜವಾದ ಪ್ರಶ್ನೆಯಾಗಿತ್ತು. ನೋಂದಣಿಗೆ ಶುಲ್ಕವಿಲ್ಲ. ಆದರೆ ಅವಧಿ ಅವಧಿಗೆ ಲೆಕ್ಕಪತ್ರ ಸಲ್ಲಿಸಲೇಬೇಕು. ವ್ಯಾಪಾರ ಆಗದ ತಿಂಗಳಲ್ಲಿ ಆಗಲಿಲ್ಲವೆಂದಾದರೂ ಬರೆಯಬೇಕು. ತಡವಾದರೆ ದಂಡ. ಅದನ್ನು ಮುಚ್ಚಿಡಬಾರದೆಂದು ನಾನೇ ಅವನಿಗೆ ಹೇಳಿದ್ದೆ.

ಆಗ ಮೂಲೆಯಲ್ಲಿ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದ ಒಬ್ಬ ಅಜ್ಜಿ, ಅವರೂ ಕಂಪನಿಯ ಪಾಲುದಾರರೇ, ತಲೆಯೆತ್ತಿ ಕೇಳಿದರು: "ಎಲ್ಲಾ ಸರಿ ಕಣಪ್ಪ. ನಾವು ಅವರಿಗೆ ಬರೆದುಕೊಡ್ತೀವಿ. ಅವರು ನಮಗೆ ಏನು ಬರೆದುಕೊಡ್ತಾರೆ?"

ನಲವತ್ತು ವರ್ಷ ಶಾಸನಗಳ ನಡುವೆ ಕಳೆದ ನಾನು ಇಡೀ ದಿನ ಸುತ್ತಿ ಬಳಸಿ ಹೇಳಲು ಹೊರಟಿದ್ದನ್ನು ಆ ತಾಯಿ ಒಂದೇ ಮಾತಿನಲ್ಲಿ ಕೇಳಿದ್ದರು. ಕಡತಕ್ಕೂ ಕಲ್ಲಿಗೂ ಇರುವ ವ್ಯತ್ಯಾಸವೇ ಆ ಪ್ರಶ್ನೆ.

ನಾನು ಹೇಳಿದೆ: "ಬರೆದುಕೊಟ್ಟಿದ್ದಾರೆ, ಅಮ್ಮ. ನಮ್ಮ ಸಂವಿಧಾನದ 265ನೆಯ ಅನುಚ್ಛೇದ, ಕಾನೂನಿನ ಆಧಾರವಿಲ್ಲದೆ ಯಾವ ತೆರಿಗೆಯನ್ನೂ ಹಾಕಕೂಡದು, ಎತ್ತಕೂಡದು ಎನ್ನುತ್ತದೆ. ಕುದುರೆ ಕಳೆದದ್ದಕ್ಕೆ ಇನ್ನು ತೆರಿಗೆಯಿಲ್ಲ. 276ನೆಯದು, ವೃತ್ತಿ ತೆರಿಗೆ ಒಬ್ಬನಿಗೆ ವರ್ಷಕ್ಕೆ 2,500 ರೂಪಾಯಿ ಮೀರಕೂಡದೆಂದು ಗೆರೆ ಎಳೆದಿದೆ. ಅಧಿಕಾರಿಯ ಆಜ್ಞೆ ತಪ್ಪೆಂದು ಕಂಡರೆ ಮೇಲ್ಮನವಿಗೆ ದಾರಿಯಿದೆ. ನೀವು ತಿರುಳಿನ ಡಬ್ಬಿಗೆಂದು ಕೊಂಡ ಸರಕಿನ ಮೇಲೆ ಕೊಟ್ಟ ತೆರಿಗೆಯನ್ನು, ನೀವು ಕಟ್ಟಬೇಕಾದ್ದರಲ್ಲಿ ಕಳೆದುಕೊಳ್ಳುವ ಹಕ್ಕು ನೋಂದಾಯಿಸಿದವರಿಗಷ್ಟೇ ಇದೆ. ಹೆಸರಿಲ್ಲದವನು ಕೊಡುವುದು ತಪ್ಪುವುದಿಲ್ಲ, ಕೇಳುವುದು ಮಾತ್ರ ತಪ್ಪುತ್ತದೆ."

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಅದನ್ನ ಎಲ್ಲರಿಗೂ ಕಾಣೋ ಹಂಗೆ ತೂಗುಹಾಕಿ" ಎಂದರು.

ಕಾಕತಾಳೀಯವೆಂದರೆ ನಿಯಮವೂ ಅದನ್ನೇ ಹೇಳುತ್ತದೆ. ನೋಂದಣಿ ಪತ್ರವನ್ನು ವ್ಯವಹಾರದ ಸ್ಥಳದಲ್ಲಿ ಎದ್ದುಕಾಣುವಂತೆ ಇರಿಸಬೇಕು, ಹದಿನೈದು ಅಕ್ಷರಾಂಕಗಳ ಸಂಖ್ಯೆಯನ್ನು ಬಾಗಿಲ ನಾಮಫಲಕದಲ್ಲಿ ಬರೆಸಬೇಕು. ಆ ಸಂಖ್ಯೆಯ ಮೊದಲ ಎರಡು ಅಂಕಿ 29, ಅದು ಕರ್ನಾಟಕದ ಗುರುತು. ಮುಂದಿನ ಹತ್ತು ಕಂಪನಿಯ ಪ್ಯಾನ್. ನಾಡಿನ ಹೆಸರು, ಆಮೇಲೆ ಸಮಯದ ಹೆಸರು. ಶಾಸನಕ್ಕೆ ಇನ್ನೇನು ಬೇಕು?

ಉತ್ಪಾದಕರ ಕಂಪನಿಯಲ್ಲಿ ಪಾಲು ಎಷ್ಟೇ ಇರಲಿ, ಸದಸ್ಯನೊಬ್ಬನಿಗೆ ಒಂದೇ ಮತ. ಅಂದು ಸಂಜೆ ಕೈಯೆತ್ತಿಸಿ ಎಣಿಸಿದರು. ಹೆಸರು ಬರೆಸುವ ಪಕ್ಷ ಗೆದ್ದಿತು. ಗಾದೆ ಹೇಳಿದ ಹಿರಿಯರು ಕೈಯೆತ್ತಲಿಲ್ಲ. ಆದರೆ ಹೊರಡುವಾಗ ನನ್ನ ಪಕ್ಕಕ್ಕೆ ಬಂದು, "ಆ 769ರ ಪಟ್ಟಿ ಎಲ್ಲಾದ್ರೂ ಸಿಕ್ರೆ ನನಗೊಂದು ಕಳಿಸಿ ಸ್ವಾಮಿ. ಇವರು ಮತ್ತೆ ಶುರು ಮಾಡಿದ್ರೆ ಗೊತ್ತಾಗ್ಬೇಕಲ್ಲ" ಎಂದರು. ಅವರ ಅನುಮಾನ ನನಗೆ ಹಿಡಿಸಿತು. ಬರಹವನ್ನು ನಂಬುವವರಷ್ಟೇ ಸಾಲದು. ಕಲ್ಲಿನ ಮುಂದೆ ನಿಂತು ಓದಿ, ಮೀರಿದವನನ್ನು ತಡೆಯುವವರೂ ಬೇಕು.

ಕೆಲವು ತಿಂಗಳ ಮೇಲೆ ಮತ್ತೊಮ್ಮೆ ಹೋಗಿದ್ದೆ. ತಗಡಿನ ಫಲಕದ ಮೇಲೆ ಊರಿನ ಚಿತ್ರಗಾರ ಕಂಪನಿಯ ಹೆಸರನ್ನು ಹಳದಿ ಬಣ್ಣದಲ್ಲಿ ಬರೆದು, ಅದರ ಕೆಳಗೆ ಬಿಳಿಯ ಬಣ್ಣದಲ್ಲಿ ಆ ಹದಿನೈದು ಅಕ್ಷರಾಂಕಗಳನ್ನು ಒಂದೂ ತಪ್ಪದಂತೆ ಬರೆದಿದ್ದ. ಫಲಕದ ಹಿಂದೆ, ಒಂದು ಕಾಲಕ್ಕೆ ಕಂಪನಿಯೊಂದು ಗೆದ್ದಿದ್ದ ಬೆಟ್ಟ ಮೊದಲಿನಂತೆಯೇ ನಿಂತಿತ್ತು. ಒಳಗೆ ಅಜ್ಜಿ ತಿರುಳಿನ ಡಬ್ಬಿಗಳನ್ನು ಎಣಿಸುತ್ತಿದ್ದರು. ಎಣಿಸಿದ್ದನ್ನು ಒಬ್ಬ ಹುಡುಗಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಆ ಪುಸ್ತಕ ಅವರದೇ ಆಗಿತ್ತು.